ಒಂದೇ ಸ್ಟ್ರಿಪ್ಪಿನ ಎರಡು ತುಂಡು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಔಷಧಿ ಅಂಗಡಿಯ ಕೌಂಟರಿನ ಮೇಲೆ ಅರ್ಧ ಸ್ಟ್ರಿಪ್ ಮಾತ್ರೆ ಬಂದು ಬಿತ್ತು. ಎಸೆದವರು ಎದುರು ಬೀದಿಯ ಬೇಕರಿ ಅಕ್ಕ.

"ಇದು ಮಾತ್ರೆನಾ, ಸೀಮೆಸುಣ್ಣನಾ?"

ಅಂಗಡಿಯಲ್ಲಿ ಆರು ಜನ ಗಿರಾಕಿಗಳಿದ್ದರು. ಆರು ಜನರೂ ತಂತಮ್ಮ ಕೈಯಲ್ಲಿದ್ದ ಔಷಧಿಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

"ಏನಾಯ್ತು ಅಕ್ಕಾ?" ಎಂದೆ.

"ನನ್ನ ತಂಗಿ ಮುಖ ನೋಡಿದೀರಾ? ಕೆಂಡ ಆಗಿದೆ! ಆರು ವಾರದಿಂದ ಒಂದಿನಾನೂ ತಪ್ಪಿಸದೆ ಇದನ್ನ ನುಂಗ್ತಿದಾಳೆ. ನಾನೂ ಇದನ್ನೇ ನುಂಗೋದು. ನಂಗೆ ವಾಸಿಯಾಗುತ್ತೆ, ಅವಳಿಗೆ ಜಾಸ್ತಿಯಾಗುತ್ತೆ. ನಕಲಿ ಮಾಲು ಅನ್ನೋಕೆ ಇನ್ನೇನು ಬೇಕು?"

ಚೀಲದಿಂದ ಕಾಗದವೊಂದನ್ನು ತೆಗೆದು ತೋರಿಸಿದರು. ಔಷಧ ನಿಯಂತ್ರಣ ಕಚೇರಿಗೆ ದೂರು. ಸೋಮವಾರ ಕೊಟ್ಟೇ ಕೊಡುತ್ತೇನೆ ಎಂದು ಹೇಳಿ ಹೊರಟುಹೋದರು. ಅವರ ಹಿಂದೆ ಮೂವರು ಗಿರಾಕಿಗಳೂ ಹೊರಟರು.

ಇಪ್ಪತ್ತೆರಡು ವರ್ಷದಿಂದ ಈ ಅಂಗಡಿ ನಡೆಸುತ್ತಿದ್ದೇನೆ. ಲೈಸೆನ್ಸ್ ಹೋದರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಅಳು ಬಂತು. ಅಳುತ್ತಾ ಕೂರುವುದಕ್ಕೆ ಪುರಸೊತ್ತಿರಲಿಲ್ಲ, ಫೋನು ಎತ್ತಿಕೊಂಡೆ.

ಕರೆದದ್ದು ಯಾರನ್ನು ಅಂದರೆ, ನಾನು ಜೀವಮಾನದಲ್ಲಿ ಅತಿ ಹೆಚ್ಚು ಬೈದುಕೊಂಡಿರುವ ಮನುಷ್ಯನನ್ನು. ನಿವೃತ್ತ ಔಷಧ ನಿರೀಕ್ಷಕರು. ಅಂಗಡಿಯವರೆಲ್ಲ ಹಿಂದಿನಿಂದ 'ಎಕ್ಸ್‌ಪೈರಿ ಸಾಹೇಬ್ರು' ಅನ್ನುತ್ತಿದ್ದೆವು. ಅವಧಿ ಮುಗಿದ ಒಂದೇ ಒಂದು ಕಣ್ಣಿನ ಡ್ರಾಪ್ಸ್‌ಗಾಗಿ ನನ್ನ ಅಂಗಡಿಯನ್ನು ಮೂರು ದಿನ ಮುಚ್ಚಿಸಿದ್ದರು, ಪುಣ್ಯಾತ್ಮ.

ಅವರು ಬಂದರು. ಮೊದಲು ನನ್ನ ಕಪಾಟಿನ ಮೇಲೆ ಕಣ್ಣಾಡಿಸಿದರು. ಹುಟ್ಟುಗುಣ, ಏನು ಮಾಡುವುದು! ಆಮೇಲೆ ಸ್ಟೂಲಿನ ಮೇಲೆ ಕುಳಿತರು.

"ಕಾಯಿಲೆ ಯಾವುದು?"

"ಲೂಪಸ್. ಮೈ ಕಾಯಬೇಕಾದ ಶಕ್ತಿನೇ ಮೈಮೇಲೆ ತಿರುಗಿ ಬೀಳೋದು. ಅಕ್ಕತಂಗಿ ಇಬ್ಬರಿಗೂ ಇದೆ ಸರ್. ಅವಳಿಗಳು, ಒಂದೇ ಅಚ್ಚು. ದೊಡ್ಡವರು ಬೇಕರಿ ಅಕ್ಕ. ಹತ್ತು ನಿಮಿಷ ಚಿಕ್ಕವರು ಸೂಜಿ ಅಕ್ಕ, ಮನೇಲೇ ಕೂತು ಹರಿದ ಬಟ್ಟೆಗೆ ಗೊತ್ತಾಗದ ಹಾಗೆ ದಾರ ಹೆಣೀತಾರೆ."

"ಮಾತ್ರೆ?"

"ಇಬ್ಬರಿಗೂ ಒಂದೇ. ದಿನಕ್ಕೊಂದು. ಹದಿನೈದು ದಿನಕ್ಕೊಮ್ಮೆ ಬೇಕರಿ ಅಕ್ಕ ಮೂರು ಸ್ಟ್ರಿಪ್ ಒಯ್ತಾರೆ."

"ಯಾರಿಗೆ ಯಾವ ಸ್ಟ್ರಿಪ್?"

"ಹಾಗಿಲ್ಲ ಸರ್. ಪ್ರತಿಯೊಂದನ್ನೂ ಸರಿಯಾಗಿ ಅರ್ಧಕ್ಕೆ ಕತ್ತರಿಸಿ ಕೊಡಬೇಕು. ಚಿಕ್ಕಂದಿನಿಂದ ಹಾಗೇ ಅಂತೆ. ಬನ್ ಆಗಲಿ, ರಿಬ್ಬನ್ ಆಗಲಿ, ಒಬ್ಬಳ ಹತ್ತಿರ ಇದ್ದದ್ದು ಇನ್ನೊಬ್ಬಳಿಗೂ ಸಿಗಬೇಕು."

"ಕತ್ತರಿಸಿದ್ದು ಯಾರು?"

"ನಾನೇ—" ಎಂದವಳು ಅಲ್ಲೇ ನಿಂತೆ.

"ಒಂದೇ ಸ್ಟ್ರಿಪ್ಪಿನ ಈ ಅರ್ಧ ಅಸಲಿ, ಆ ಅರ್ಧ ನಕಲಿ ಮಾಡೋ ಕಾರ್ಖಾನೆ ಇನ್ನೂ ಹುಟ್ಟಿಲ್ಲ," ಎಂದರು ಸಾಹೇಬರು. "ನೀವು ಅರ್ಧ ಬಚಾವ್."

"ಇನ್ನರ್ಧ?"

"ಮನೇಲಿ ಯಾರಾದರೂ ಬದಲಾಯಿಸಿದ್ದರೆ? ಔಷಧಿ ರಿಜಿಸ್ಟರ್ ಕೊಡಿ."

ಕೊಟ್ಟೆ. ಹಾಳೆ ಮಗುಚುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಈ ಮುಲಾಮು?"

"ಚರ್ಮದ ಉರಿಗೆ, ಡಾಕ್ಟರು ಬರೆದದ್ದು. ಬೇಕರಿ ಅಕ್ಕ ತಪ್ಪದೆ ಒಯ್ತಿದ್ದರು."

"ಒಂದೂವರೆ ತಿಂಗಳಿಂದ ಒಯ್ದಿಲ್ಲ."

"ಅವರಿಗೆ ವಾಸಿಯಾಯ್ತಲ್ಲ ಸರ್."

"ಸೂಜಿ ಅಕ್ಕ ಒಯ್ಯೋಕೆ ಶುರು ಮಾಡಿದ್ದು?"

ಬಗ್ಗಿ ನೋಡಿದೆ. ಅದೇ ಪುಟ. ಎರಡೇ ಸಾಲು ಕೆಳಗೆ.

"ಹೂಂ," ಎಂದರು. ಅಷ್ಟೇ. ಇವರ ಬಾಯಿಂದ ಮಾತು ಹೊರಡಿಸುವುದು ಬಾಗಿದ ಮೊಳೆ ಕಿತ್ತ ಹಾಗೆ.

ಭಾನುವಾರ ಸಂಜೆ ನಾಲ್ಕಕ್ಕೆ ಸೂಜಿ ಅಕ್ಕನ ಮನೆಗೆ ಹೋದೆವು. ನಡುಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ. ಬಟ್ಟೆಯ ರಾಶಿಯ ನಡುವೆ ತಗ್ಗು ಮಣೆಯ ಮೇಲೆ ಸೂಜಿ ಅಕ್ಕ ಕುಳಿತಿದ್ದರು. ಅವರ ಎಡಗಡೆ, ಕೈಯಳತೆಯ ದೂರದಲ್ಲಿ, ಸ್ಟೂಲಿನ ಮೇಲೆ ಸೊಳ್ಳೆ ಹಿಡಿಯುವ ನೀಲಿ ದೀಪ. ದೀಪದ ಆಚೆ ಬದಿಗೆ ಅವರ ಅತ್ತೆ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಬೇಕರಿ ಅಕ್ಕನೂ ಅಲ್ಲೇ ಇದ್ದರು. ನನ್ನನ್ನು ನೋಡಿದ ಕೂಡಲೇ ಮುಖ ತಿರುಗಿಸಿದರು.

"ಮಾತ್ರೆ ಡಬ್ಬಿ ತುಂಬೋದು ಯಾರು?" ಎಂದು ಕೇಳಿದರು ಸಾಹೇಬರು.

"ನಾನು," ಎಂದರು ಅತ್ತೆ. "ಯಾಕಪ್ಪಾ, ನಾನೇನು ಸೊಸೆಗೆ ವಿಷ ಹಾಕೋ ಹಾಗೆ ಕಾಣ್ತೀನಾ?"

"ತುಂಬಿದ ಮೇಲೆ ಡಬ್ಬಿ ಎಲ್ಲಿರುತ್ತೆ?"

"ನನ್ನ ಸೊಂಟದಲ್ಲಿ! ಇವಳು ಕೆಲಸಕ್ಕೆ ಕೂತರೆ ಊಟಾನೇ ಮರೀತಾಳೆ, ಇನ್ನು ಮಾತ್ರೆ ನೆನಪಿರುತ್ತಾ? ನಾನೇ ಬಾಯಿಗೆ ಹಾಕಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡ್ತೀನಿ."

"ಹೌದು ಸರ್, ಅತ್ತೆ ಬಿಡೋದೇ ಇಲ್ಲ," ಎಂದರು ಸೂಜಿ ಅಕ್ಕ. "ಜೈಲರ್ ಇದ್ದ ಹಾಗೆ."

"ಡಾಕ್ಟರು ರಕ್ತ ನೋಡಿದ್ರಾ?"

"ನೋಡಿದ್ರು. ಔಷಧಿ ರಕ್ತದಲ್ಲಿ ಬೇಕಾದಷ್ಟಿದೆ ಅಂದ್ರಂತೆ, ಹೋದ ವಾರ. ಚೀಟಿ ಅತ್ತೆ ಹತ್ರ ಇದೆ."

"ಅದನ್ನ ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಬೇಕರಿ ಅಕ್ಕ ಸಿಡುಕಿದರು.

"ನೀನು ಎಲ್ಲಿ ಮಾತಾಡೋಕೆ ಬಿಡ್ತೀಯಾ?"

ಅಂದರೆ ಮಾತ್ರೆ ಅಸಲಿ, ಅದು ಹೊಟ್ಟೆಗೂ ಹೋಗಿದೆ. ನನಗೆ ಉಸಿರು ಬಂದ ಹಾಗಾಯಿತು. ಆದರೆ ಬೇಕರಿ ಅಕ್ಕ ಬಿಡುವವರೇ? "ಹಾಗಾದ್ರೆ ನಂಗೆ ಹಿಡಿಸಿದ್ದು ಇವಳಿಗೆ ಯಾಕೆ ಹಿಡಿಸ್ತಿಲ್ಲ? ಒಂದೇ ಬಸಿರಲ್ಲಿ ಬಂದೋರಲ್ವಾ ನಾವು? ನೀವೇ ಹೇಳಿ!"

"ಒಳ್ಳೇ ಪ್ರಶ್ನೆ," ಎಂದರು ಸಾಹೇಬರು. "ಇಡೀ ಕೇಸು ಇರೋದೇ ಅದರಲ್ಲಿ. ಬಿಸಿಲಿಗೆ ಹೋಗ್ತೀರೇನಮ್ಮಾ?"

"ಇಲ್ಲ ಸರ್. ಬಿಸಿಲು ತಾಗಬಾರದು ಅಂತ ಡಾಕ್ಟರು ಹೇಳಿದಾರೆ. ಅದಕ್ಕೇ ಇಷ್ಟು ಪರದೆ. ಮುಲಾಮಿಗೆ ಹೋಗೋದೂ ಕತ್ತಲಾದ ಮೇಲೇನೇ."

"ಸ್ವಲ್ಪ ದೀಪದ ಕಡೆ ತಿರುಗಿ. ಈಗ ಈ ಕಡೆ."

ಸೂಜಿ ಅಕ್ಕ ತಿರುಗಿದರು. ಎಡಗೆನ್ನೆ, ಎಡಗಿವಿ, ಎಡಗೈ ಕೆಂಪಗೆ ಉರಿಯುತ್ತಿದ್ದವು. ಬಲಗಡೆ ಬರೀ ತೆಳು ಗುಲಾಬಿ. ಆರು ವಾರದಿಂದ ನಾನೇ ಮುಲಾಮು ಕೊಡುತ್ತಿದ್ದೇನೆ, ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಒಳ್ಳೆ ಔಷಧಿ ಅಂಗಡಿಯವಳು ನಾನು!

"ಎಡಗೈ ಗಡಿಯಾರ ಬಿಚ್ಚಿ."

ಅಗಲವಾದ ಚರ್ಮದ ಪಟ್ಟಿ. ಬಿಚ್ಚಿದರೆ ಕೆಳಗೆ ಬೆಳ್ಳನೆಯ ನುಣುಪು ಚರ್ಮ. ಪಟ್ಟಿಯ ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ಕೆಂಪು ನಿಂತಿತ್ತು.

"ಮಾತ್ರೆ ಕೆಲಸ ಮಾಡದಿದ್ದರೆ ಮೈಯೆಲ್ಲ ಒಂದೇ ಥರ ಏಳಬೇಕು," ಎಂದರು ಸಾಹೇಬರು. "ರಕ್ತದಲ್ಲಿ ಓಡಾಡೋ ಮಾತ್ರೆಗೆ ಎಡ ಬಲ ಗೊತ್ತಿಲ್ಲ, ಗಡಿಯಾರದ ಪಟ್ಟಿಯೂ ಗೊತ್ತಿಲ್ಲ. ಪಟ್ಟಿ ತಡೆಯೋದು ಹೊರಗಿನಿಂದ ಬೀಳೋದನ್ನ. ಈ ದೀಪ ಹಗಲೆಲ್ಲ ಉರಿಯುತ್ತಾ?"

"ಬೆಳಿಗ್ಗೆಯಿಂದ ರಾತ್ರಿ ಊಟದವರೆಗೆ. ಹಿತ್ತಲಲ್ಲಿ ಚರಂಡಿ ಇದೆಯಲ್ಲ, ವಿಪರೀತ ಸೊಳ್ಳೆ."

"ಬಿಸಿಲಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತೆ. ಹುಳ ಸೆಳೆಯೋ ಈ ದೀಪವೂ ಅದನ್ನೇ ಬಿಡುತ್ತೆ. ನೀವು ಬಿಸಿಲನ್ನ ಬಾಗಿಲಲ್ಲೇ ತಡೆದಿರಿ, ಅದರ ತಮ್ಮನನ್ನ ಪಕ್ಕದಲ್ಲೇ ಕೂರಿಸಿಕೊಂಡಿರಿ."

"ಅಯ್ಯೋ, ಸುಮ್ಮನಿರಪ್ಪಾ!" ಎಂದರು ಅತ್ತೆ. "ನಾನೂ ಇದೇ ದೀಪದ ಪಕ್ಕ ಕೂರ್ತೀನಿ. ನಂಗೆ ಒಂದು ಗುಳ್ಳೆನೂ ಎದ್ದಿಲ್ಲ!"

"ಏಳೋದೂ ಇಲ್ಲ ತಾಯಿ. ನೀವು ಬೇರೆ ವಂಶದವರು. ಈ ಬೆಳಕಿಗೆ ರೇಗೋ ಮೈ ಇವರಿಬ್ಬರಿಗೆ ಹುಟ್ಟಿನಿಂದಲೇ ಬಂದದ್ದು. ಆದರೆ ಹುಟ್ಟುಗುಣ ಒಂದೇ ಸಾಲದು, ಕೆರಳಿಸೋದು ಇನ್ನೊಂದು ಬೇಕು. ಅದು ಪಕ್ಕದಲ್ಲೇ ಇದ್ದರೆ ಮಾತ್ರೆ ಎಷ್ಟೂಂತ ಹೋರಾಡುತ್ತೆ? ದೂರ ಹೋದರೆ ಅದೇ ಮಾತ್ರೆ ಗೆಲ್ಲುತ್ತೆ. ಅದಕ್ಕೆ ಸಾಕ್ಷಿ ಇದೇ ಕೋಣೇಲಿದೆ."

ಅವರು ಬೇಕರಿ ಅಕ್ಕನ ಕಡೆ ತಿರುಗಿದರು.

"ನಿಮಗೆ ಉರೀತಿದ್ದದ್ದು ಯಾವ ಕೆನ್ನೆ?"

"ಬಲ—" ಬೇಕರಿ ಅಕ್ಕನ ಕಣ್ಣು ದೀಪದ ಕಡೆ ಹೊರಳಿತು.

"ಬೇಕರಿ ಗಲ್ಲಾಪೆಟ್ಟಿಗೆಯ ಬಲಗಡೆ ಏನಿತ್ತು?"

ಅತ್ತೆಯ ಕೈಯಿಂದ ಗುಂಡಿಯೊಂದು ಉರುಳಿ ಮಂಚದ ಕೆಳಗೆ ಹೋಯಿತು.

"ನಿನ್ನೆ ನಿಮ್ಮ ಬೇಕರಿ ನೋಡಿಬಂದೆ, ಗಲ್ಲಾಪೆಟ್ಟಿಗೆ ಪಕ್ಕ ದೀಪ ಬಿಚ್ಚಿದ ಗುರುತಿದೆ. ನೊಣ ತಡೆಯೋಕೆ ಬಾಗಿಲಿಗೆ ಗಾಳಿ ಬೀಸೋ ಯಂತ್ರ ಹಾಕಿಸಿದಿರಿ. ನೊಣದ ದೀಪ ಬೇಡವಾಯ್ತು. ಎರಡು ತಿಂಗಳಾಯ್ತೇನೋ. ಅದು ಎಲ್ಲಿಗೆ ಹೋಯ್ತು? ರಿಜಿಸ್ಟರಿನ ಒಂದೇ ಪುಟದಲ್ಲಿ ಒಬ್ಬರ ಮುಲಾಮು ನಿಂತು ಇನ್ನೊಬ್ಬರದು ಶುರುವಾದಾಗಲೇ ಅಂದುಕೊಂಡೆ, ಏನೋ ಒಂದು ಆ ಮನೆಯಿಂದ ಈ ಮನೆಗೆ ಬಂದಿದೆ ಅಂತ. ಮಾತ್ರೆ ಬದಲಾಗಿಲ್ಲಮ್ಮ. ದೀಪ ಬದಲಾಯ್ತು. ತಂದು ಕೊಟ್ಟವರು ನೀವು."

ಬೇಕರಿ ಅಕ್ಕ ಗೋಡೆ ಹಿಡಿದು ಕುಳಿತುಬಿಟ್ಟರು.

"ಔಷಧಿ ತಗೊಳ್ಳೋರಿಗೆ ಜ್ವರ ಬರಬಾರದು ಅಂದಿದ್ರು ಡಾಕ್ಟರು. ಸೊಳ್ಳೆ ಕಚ್ಚಿ ಇವಳಿಗೆ ಏನಾದ್ರೂ ಆದ್ರೆ ಅಂತ— ನಾನೇ ಹೊತ್ಕೊಂಡು ಬಂದೆ, ನಾನೇ ಇಲ್ಲಿಟ್ಟೆ. ನಾನೇ..."

ಸೂಜಿ ಅಕ್ಕ ಎದ್ದರು. ಸ್ಟೂಲಿನ ಹತ್ತಿರ ಹೋಗಿ ಸ್ವಿಚ್ ಆರಿಸಿದರು. ಕೋಣೆ ಒಮ್ಮೆಗೇ ಮಂಕಾಯಿತು.

"ಕಣ್ಣು ಕುಕ್ಕುತ್ತೆ ಅಂತ ಎಷ್ಟೋ ಸಲ ಆರಿಸೋಣ ಅನ್ನಿಸ್ತು ಕಣೇ," ಎಂದರು ಅಕ್ಕನಿಗೆ. "ನೀನು ಕೊಟ್ಟದ್ದಲ್ವಾ, ಹೇಗೆ ಆರಿಸ್ಲಿ?"

ಇಬ್ಬರೂ ಅಪ್ಪಿಕೊಂಡು ಅತ್ತರು. ನಾನು ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ. ಸಾಹೇಬರು ಮಾತ್ರ ಮಂಚದ ಕೆಳಗೆ ಬಗ್ಗಿ ಗುಂಡಿ ಹುಡುಕುತ್ತಿದ್ದರು.

"ನಾಳೆ ಡಾಕ್ಟರಿಗೆ ಎಲ್ಲಾ ಹೇಳಿ," ಎಂದರು ಎದ್ದು. "ಮಾತ್ರೆ ನಿಲ್ಲಿಸಬೇಡಿ. ಕೆಲವು ವಾರ ಕಾದು ನೋಡಿ. ನಾನು ಹೇಳಿದ್ದು ಸುಳ್ಳಾದರೆ ಆ ದೂರು ಕಳಿಸಿ, ಸಾಕ್ಷಿ ನಾನೇ ಹಾಕ್ತೀನಿ."

ಈ ಮನುಷ್ಯ ನನ್ನ ಪರವೋ ವಿರೋಧವೋ ಎಂದು ಆ ಕ್ಷಣಕ್ಕೂ ನನಗೆ ಗೊತ್ತಾಗಲಿಲ್ಲ.

ದೂರು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಬೇಕರಿ ಅಕ್ಕ ನನ್ನ ಅಂಗಡಿಗೆ ಬಂದು, ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತರು. ಬಂದ ಒಬ್ಬೊಬ್ಬ ಗಿರಾಕಿಗೂ, ಕೇಳಿದರೂ ಕೇಳದಿದ್ದರೂ, "ಇವರ ಮಾತ್ರೆ ಸರಿ ಇದೆ, ತಪ್ಪು ನಂದು," ಎಂದು ಹೇಳಿದರು. ಶೀತದ ಸಿರಪ್ಪಿಗೆ ಬಂದವರೂ ಲೂಪಸ್ಸಿನ ಕಥೆ ಪೂರ್ತಿ ಕೇಳಿಕೊಂಡೇ ಹೋಗಬೇಕಾಯಿತು.

ಏಳು ವಾರದ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಮೂರು ಸ್ಟ್ರಿಪ್ ತೆಗೆದು ಅರ್ಧಕ್ಕೆ ಕತ್ತರಿಸಿದೆ. ಸೂಜಿ ಅಕ್ಕನ ಎಡಗೆನ್ನೆ ಯಾವುದು ಬಲಗೆನ್ನೆ ಯಾವುದು ಎಂದು ಹೇಳುವ ಹಾಗಿರಲಿಲ್ಲ.

"ಮುಲಾಮು ಯಾರಿಗೆ?" ಎಂದು ಅಭ್ಯಾಸಬಲದಿಂದ ಕೇಳಿದೆ.

"ಇಬ್ಬರಿಗೂ ಬೇಡ," ಎಂದರು ಬೇಕರಿ ಅಕ್ಕ.