ಮಾಳಿಂಗಪ್ಪನ ಫೋನಿಗೆ ಬಂದ ಓಟಿಪಿ

ಧಡಾರ್!

ಶಟರ್ ಕೆಳಗಿಳಿಯಿತು. ಹೊರಗೆ ಹರಿಹರದ ಹಾಡಹಗಲು. ಒಳಗೆ ಟ್ಯೂಬ್‌ಲೈಟು, ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು... ಮತ್ತು ನನ್ನ ಕುತ್ತಿಗೆಗೆ ಒತ್ತಿ ಹಿಡಿದ ಜಾಕಿ ರಾಡ್!

"ನನ್ನ ಹೆಂಡ್ತಿ ಎಲ್ಲೈದಾಳೆ?" ಕೊಟ್ಟೂರೇಶ್ ಹಲ್ಲು ಕಡಿದ.

"ಗೊತ್ತಿಲ್ಲ."

ಸುಳ್ಳು. ಅವಳನ್ನು ಆನೆಕೊಂಡದಲ್ಲಿ ನನ್ನ ಪರಿಚಯದ ಹಂಪವ್ವನ ಮನೆಯಲ್ಲಿ ಬಿಟ್ಟು ಬಂದವಳು ನಾನೇ.

ನಾನು ರೇವತಿ. ಹತ್ತು ವರ್ಷ ಪೊಲೀಸ್ ಪೇದೆಯಾಗಿದ್ದೆ. ಈಗ ಖಾಸಗಿ ಪತ್ತೇದಾರಿಕೆ.

ರೂಪಶ್ರೀ ನನ್ನ ಬಳಿ ಬಂದಾಗ ಅವಳ ಎಡಗೈಗೆ ಪ್ಲಾಸ್ಟರ್ ಇತ್ತು. ಗಂಡನ ಉಡುಗೊರೆ! ಅವಳ ಹತ್ತಿರ ಸುಳಿಯಬೇಡ ಎಂದು ಕೋರ್ಟೇ ಅವನಿಗೆ ಹೇಳಿತ್ತು. ಆದರೂ ಅವಳು ಮೂರು ಮನೆ ಬದಲಿಸಿದಳು, ಮೂರಕ್ಕೂ ಅವನು ಬಂದು ನಿಂತ. ಹೊಸ ವಿಳಾಸವನ್ನು ಅವಳು ತಿಳಿಸುತ್ತಿದ್ದುದು ವಕೀಲರಿಗೆ ಮಾತ್ರ. ಅದೂ ಈಮೇಲ್‌ನಲ್ಲಿ.

"ಪಾಸ್‌ವರ್ಡ್ ಮೂರು ಸಲ ಬದಲಿಸೀನ್ರಿ ಅಕ್ಕಾ," ಎಂದು ಅತ್ತಳು.

"ಹೆಂಗೆ ಬದಲಿಸ್ದೆ?"

"ಮಾಳಿಂಗಪ್ಪಣ್ಣಗೆ ಫೋನ್ ಮಾಡಿ ಹೇಳಿದ್ರೆ ಅವ್ರೇ ಬದಲಿಸಿ ಕೊಡ್ತಾರ್ರಿ. ಓಟಿಪಿ ಅವ್ರ ಫೋನಿಗೇ ಬರೋದಲ್ರಿ?"

ನಾನು ತಲೆ ಚಚ್ಚಿಕೊಂಡೆ!

ಬೈದು ಏನು ಪ್ರಯೋಜನ? ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಬಿ.ಎಡ್. ಅರ್ಜಿ ಹಿಡಿದು ಆನ್‌ಲೈನ್ ಸೆಂಟರಿಗೆ ಹೋಗುತ್ತೇವೆ. ಮೇಲ್ ಐಡಿ ಬೇಕು ಎನ್ನುತ್ತಾನೆ. ನೀವೇ ಒಂದು ಮಾಡಿಬಿಡ್ರಿ ಎನ್ನುತ್ತೇವೆ. ಮಾಳಿಂಗಪ್ಪ ಅದಕ್ಕೆ ತನ್ನ ಮೊಬೈಲ್ ನಂಬರನ್ನೇ ಹಾಕುತ್ತಾನೆ. "ತಲೆ ಕೆಡಿಸ್ಕೋಬ್ಯಾಡ್ರಿ, ನಾನು ಐದೀನಲ್ಲ!"

ಅರ್ಧ ಹರಿಹರದ ಗುಟ್ಟು ಅವನ ಜೇಬಿನಲ್ಲಿ!

ಅದಕ್ಕೇ ಈ ಬೆಳಿಗ್ಗೆ ಅವನ ಅಂಗಡಿಗೆ ಬಂದು, ರೂಪಶ್ರೀಯ ಮೇಲ್ ಯಾರು ಓದುತ್ತಿದ್ದಾರೆ ಎಂದು ನೇರವಾಗಿ ಕೇಳಿದೆ. ಅವನು ಪಕ್ಕಕ್ಕೆ ಸರಿದು ಕೊಟ್ಟೂರೇಶ್‌ಗೆ ಫೋನ್ ಮಾಡಿದ.

ರಾಡ್ ಮೇಲೆದ್ದಿತು...

"ಸಾವ್ಕಾರ್ರೇ, ತಡೀರಿ!" ಕಂಪ್ಯೂಟರ್ ಮುಂದಿನಿಂದ ಮಾಳಿಂಗಪ್ಪ ಕೂಗಿದ. "ಈಗಷ್ಟೇ ವಕೀಲ್ರಿಗೆ ಮೇಲ್ ಹೋತು! ಹೊಸ ಅಡ್ರೆಸ್ಸು!"

"ಓದಲೇ!"

"ಎಂ.ಸಿ.ಸಿ. ಬಿ ಬ್ಲಾಕು... ಬೇವಿನ ಮರದ ಎದುರಿಗೆ, ಹಸಿರು ಗೇಟಿನ ಮನೆ..."

"ಬ್ಯಾಡ! ಅಲ್ಲಿಗೆ ಹೋಗಬ್ಯಾಡ!" ನಾನು ಕಿರುಚಿದೆ.

ಕೊಟ್ಟೂರೇಶ್ ನಕ್ಕ. ರಾಡ್ ನನ್ನ ಮೊಣಕಾಲಿಗೆ ಬಿತ್ತು. ಕಣ್ಣು ಕತ್ತಲಿಟ್ಟಿತು!

"ಇವಳನ್ನ ಹೊರಗ ಬಿಡಬ್ಯಾಡ," ಎಂದವನೇ ಶಟರ್ ಎತ್ತಿ ನುಗ್ಗಿದ. ಕಾರು ಗುರುಗುಟ್ಟಿತು.

ಮಾಳಿಂಗಪ್ಪ ಶಟರ್ ಎಳೆಯಲು ಬಗ್ಗಿದ. ಜೆರಾಕ್ಸ್ ಮಷೀನಿನ ಪಕ್ಕದಲ್ಲಿ ಟೋನರ್ ಡಬ್ಬಿ ಇತ್ತು. ಮುಚ್ಚಳ ತೆಗೆದು ಕರಿ ಪುಡಿಯನ್ನು ಪೂರ್ತಿ ಅವನ ಮುಖಕ್ಕೆ ಎರಚಿದೆ!

"ಅಯ್ಯಯ್ಯೋ, ಕಣ್ಣು!"

ಟೇಬಲ್ ಮೇಲಿದ್ದ ಅವನ ಫೋನ್ ಕಿತ್ತುಕೊಂಡೆ. ಕುಂಟುತ್ತ ಹೋಗಿ ಸ್ಕೂಟಿ ಏರಿದೆ.

ಪಕ್ಕದ ಊರಿನ ಬಿ ಬ್ಲಾಕಿಗೆ ಹೈವೇ ಹಿಡಿದೆ. ಮೊಣಕಾಲು ಸಿಡಿಯುತ್ತಿತ್ತು. ಮುಂದೆ ಅವನ ಬಿಳಿ ಕಾರು... ಆಮೇಲೆ ಅದೂ ಕಾಣಲಿಲ್ಲ. ಅಕ್ಕಿ ಲಾರಿಯೊಂದು ಮೈಮೇಲೇ ಬಂತು. ಡ್ರೈವರ್ ನನ್ನ ವಂಶವನ್ನೆಲ್ಲ ಬೈದ. ನಾನು ನಿಲ್ಲಿಸಲಿಲ್ಲ!

ಬಿ ಬ್ಲಾಕ್ ತಲುಪಿದಾಗ ಹಸಿರು ಗೇಟು ತೆರೆದೇ ಇತ್ತು. ಬಾಗಿಲು ಮುರಿದು ಬಿದ್ದಿತ್ತು.

ಒಳಗೆ ಕೊಟ್ಟೂರೇಶ್ ನೆಲಕ್ಕೆ ಮುಖ ಮಾಡಿ ಮಲಗಿದ್ದ. ಕೈಗೆ ಕೋಳ. ಬೆನ್ನ ಮೇಲೆ ಮೊಣಕಾಲೂರಿ ಕುಳಿತಿದ್ದವಳು ಸಬ್ ಇನ್ಸ್‌ಪೆಕ್ಟರ್ ಸುಮೈರಾ. ನನ್ನ ಹಳೆಯ ಬ್ಯಾಚ್‌ಮೇಟ್. ಮನೆಯೂ ಅವಳದೇ!

"ಲೇಟಾಗಿ ಬಂದೆ," ಎಂದಳು. "ಬಾಗಿಲು ಯಾರು ರಿಪೇರಿ ಮಾಡಿಸ್ತಾರೆ?"

ಕೊಟ್ಟೂರೇಶ್ ಕತ್ತು ತಿರುಗಿಸಿ ನನ್ನನ್ನು ನೋಡಿದ. "ಮೇಲ್‌ನಾಗೆ... ಇದೇ ಅಡ್ರೆಸ್ ಇತ್ತಲ್ಲ!"

"ಇತ್ತು. ಬರೆದೋಳು ನಾನು. ರೂಪಶ್ರೀ ಫೋನಿನಿಂದ, ಅವಳ ಒಪ್ಪಿಗೆ ತಗೊಂಡು. ಹನ್ನೊಂದು ಗಂಟೆಗೆ ತಾನೇ ಹೋಗೋಹಂಗೆ ಟೈಮ್ ಇಟ್ಟಿದ್ದೆ. ಅವಳು ಇಲ್ಲಿ ಇರ್ತಾಳೆ ಅಂತ ಆ ಮೇಲ್ ಬಿಟ್ರೆ ಬೇರೆಲ್ಲೂ ಇಲ್ಲ. ಓದದೇ ನೀನು ಇಲ್ಲಿಗೆ ಹೆಂಗೆ ಬಂದೆ, ಕೋರ್ಟಿಗೆ ಹೇಳು!"

ಸುಮೈರಾ ಅವನನ್ನು ಕಾಲರ್ ಹಿಡಿದು ಎಬ್ಬಿಸಿದಳು.

ನಾನು ಆನೆಕೊಂಡಕ್ಕೆ ಫೋನ್ ಹಚ್ಚಿದೆ. ರೂಪಶ್ರೀ ತನ್ನ ಐಡಿಗೆ ತನ್ನದೇ ನಂಬರ್ ಹಾಕಿ, ಪಾಸ್‌ವರ್ಡನ್ನೂ ತಾನೇ ಬದಲಿಸಿದಳು. ಅದಕ್ಕೆ ಬೇಕಾದ ಓಟಿಪಿ ಮಾಳಿಂಗಪ್ಪನ ಫೋನಿಗೇ ಬಂತು. ನಾನು ಓದಿ ಹೇಳಿದೆ. ಕೊನೆಯ ಸಲ.

"ಇನ್ನ್ಯಾರೂ ನನ್ನ ಮೇಲ್ ಓದಲ್ವೇನ್ರಿ ಅಕ್ಕಾ?"

"ಇಲ್ಲವ್ವ."

ಅವಳು ಅತ್ತಳು.

ಸಂಜೆ ಸ್ಟೇಷನ್ನಿಗೆ ಮಾಳಿಂಗಪ್ಪನನ್ನು ಕರೆತಂದರು. ಮುಖ ಇನ್ನೂ ಕಪ್ಪು. ತನ್ನ ಫೋನನ್ನು ಸುಮೈರಾ ಕೈಯಲ್ಲಿ ಕಂಡವನೇ ಕೈಮುಗಿದ.

"ಮೇಡಂ, ಓದಬ್ಯಾಡ್ರಿ! ಅದ್ರಾಗೆ ನನ್ನವೂ ಮೇಲ್ ಐದಾವ್ರಿ... ಪರ್ಸನಲ್ಲು!"

ನಾನು ಅವನ ಹೆಗಲು ತಟ್ಟಿದೆ.

"ತಲೆ ಕೆಡಿಸ್ಕೋಬ್ಯಾಡ ಮಾಳಿಂಗಪ್ಪಾ... ನಾನು ಐದೀನಲ್ಲ!"