ಎಡಗಂಕುಳ ಹೊಳಪು

“ಸಾಕು ಸಾರ್, ಇನ್ನೊಂದು ಸೂಜಿನೂ ಬ್ಯಾಡ. ಹರಿಹರದ ಬಸ್ ಹಿಡೀತೀನಿ,” ಎಂದು ವಾಣಿ ಎದ್ದೇಬಿಟ್ಟಳು.

ಲಿಂಫೋಮಾ ಎಂಬ ಗ್ರಂಥಿಗಳ ಕ್ಯಾನ್ಸರಿಗೆ ಆರು ತಿಂಗಳು ಕೀಮೋ ತೆಗೆದುಕೊಂಡ ಹುಡುಗಿ. ಗುಣ ಕಂಡಿದೆಯೇ ಎಂದು ನೋಡಲು ದಾವಣಗೆರೆಯ ನಮ್ಮ ಕೇಂದ್ರದಲ್ಲಿ ಪೆಟ್ ಸ್ಕ್ಯಾನ್ ಮಾಡಿದ್ದೆವು. ರೋಗದ ಗಂಟು ನಾವು ಚುಚ್ಚುವ ಔಷಧವನ್ನು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ. ವಾಣಿಯ ಎಡಗಂಕುಳು ಹೊಳೆದಿತ್ತು. ಇನ್ನೂ ಕಠಿಣ ಕೀಮೋ ಬೇಕಾದೀತು ಎಂದು ಅವಳ ಡಾಕ್ಟರ್ ರಾಮಚಂದ್ರಪ್ಪ ಆಗಷ್ಟೇ ಹೇಳಿದ್ದರು.

ಆಮೇಲೆ ನನ್ನ ಕಡೆ ತಿರುಗಿದರು. “ಔಷಧ ನರದಿಂದ ಹೊರಗೆ ಸೋರಿದ್ರೂ ಕಂಕುಳು ಹೊಳೀತೈತೆ. ಎಡವಟ್ಟು ಮಾಡಿದ್ಯೇನಪ್ಪ ಕೊಟ್ಟೂರಪ್ಪ?”

ಇಪ್ಪತ್ತು ವರ್ಷ ಸೂಜಿ ಚುಚ್ಚಿದ ಟೆಕ್ನಿಷಿಯನ್‌ಗೆ ಈ ಮಾತು! ಮೈಯೆಲ್ಲ ಉರಿದುಹೋಯಿತು. ಕೂತಲ್ಲಿ ಕೂರಲಾಗದೆ ಸುಮೈರಾ ಮೇಡಂ ಬಳಿ ಓಡಿದೆ. ಸ್ಕ್ಯಾನ್ ಓದುವ ಡಾಕ್ಟರ್ ಅವರು. ಕೇಂದ್ರದಲ್ಲಿ ಬಗೆಹರಿಯದ್ದೆಲ್ಲ ಅವರ ಮೇಜಿಗೇ ಹೋಗುತ್ತಿತ್ತು.

“ಯಾವ ಕೈಗೆ ಚುಚ್ಚಿದ್ರಿ?”

“ಬಲಗೈ. ಎಡಗೈ ನೋಯ್ತೈತೆ ಅಂದ್ಳು.”

“ಯಾಕ ಅಂತ ಕೇಳಿದ್ರಾ?”

ಕೇಳಿರಲಿಲ್ಲ, ದಡ್ಡ ನಾನು. “ಬೇವಿನೆಣ್ಣೆ ವಾಸನೆ ಬರ್ತಿತ್ತು ಮೇಡಂ. ಇಂಥಾ ಸೆಕೆಯಾಗೂ ಉದ್ದ ತೋಳಿನ ಅಂಗಿ.”

ಮೇಡಂ ವಾಣಿಯನ್ನೂ ಅವಳ ತಾಯಿ ಕಸ್ತೂರಮ್ಮನನ್ನೂ ರಾಮಚಂದ್ರಪ್ಪನವರನ್ನೂ ಕರೆಸಿ, ಹಳೆಯ ಹೊಸ ಚಿತ್ರಗಳನ್ನು ಪಕ್ಕಪಕ್ಕ ತೆರೆದರು.

“ರೋಗ ಇದ್ದದ್ದು ಕುತ್ತಿಗೆ, ಎದೆಯಾಗೆ. ಎರಡೂ ಈಗ ಆರ್‍ಯಾವೆ. ಹೊಳೆಯೋದು ಹೊಸ ಜಾಗ. ಸೂಜಿ ಚುಚ್ಚಿದ್ದು ಬಲಗೈಗೆ, ಹಂಗಾಗಿ ಕೊಟ್ಟೂರಪ್ಪನ ತಪ್ಪಲ್ಲ. ತೋಳಿನ ಚರ್ಮದ ಮೇಲೂ ಸಣ್ಣ ಗೆರೆ ಹೊಳೀತಾವೆ, ನೋಡ್ರಿ. ಅಲ್ಲಿ ಗಾಯ ಇದ್ರೆ ಕಂಕುಳ ಗ್ರಂಥಿನೂ ಹೊಳೀತೈತೆ. ವಾಣಿ, ತೋಳು ಮೇಲೆ ಮಾಡವ್ವ.”

ಕಾದ ಕಬ್ಬಿಣದ ಮೂರು ಬರೆಗಳು, ಇನ್ನೂ ಹಸಿಯಾಗಿದ್ದವು, ಮೇಲೆ ಬೇವಿನೆಣ್ಣೆ ಸವರಿತ್ತು.

“ಯಾರು ಹಾಕಿಸಿದ್ರು?”

“ನಾನೇ,” ಎಂದಳು ವಾಣಿ ಥಟ್ಟನೆ.

“ಸುಳ್ಳು. ಅದೇ ಎಣ್ಣೆ ನಿಮ್ಮವ್ವನ ಬೆರಳಿಗೂ ಹತ್ತೈತೆ.”

ಕಸ್ತೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. “ಗಂಟು ತಿರುಗಿ ಬರಬಾರ್ದು ಅಂತ ಹಾಕಿಸ್ದೆ. ಡಾಕ್ಟ್ರು ಬೈತಾರಂತ ಮುಚ್ಚಿಟ್ವಿ.”

ರಾಮಚಂದ್ರಪ್ಪ ಬೈಯಲಿಲ್ಲ. ಇದೊಂದು ಸೂಜಿಗೆ ವಾಣಿ ಒಪ್ಪಿದಳು, ಕಂಕುಳ ಗಂಟಿನ ಚೂರು ಪರೀಕ್ಷೆಗೆ ಹೋಯಿತು. ನಾಲ್ಕು ದಿನ ನನಗೂ ನಿದ್ದೆಯಿಲ್ಲ. ಐದನೆಯ ದಿನ ವರದಿ ಬಂತು: ಕ್ಯಾನ್ಸರ್ ಇಲ್ಲ.

“ಹಂಗಾರೆ ಬರೆ ಹಾಕಿಸೋವಾಗ್ಲೇ ನನ್ನ ಮಗಳಿಗೆ ಗುಣ ಆಗಿತ್ತಾ?” ಕೇಳಿದರು ಕಸ್ತೂರಮ್ಮ.

“ಹೌದಮ್ಮ,” ಎಂದರು ಮೇಡಂ.

ಆ ತಾಯಿ ಗೊಳೋ ಎಂದು ಅತ್ತರು. ವಾಣಿ ಅವರನ್ನು ಅಪ್ಪಿಕೊಂಡಳು. “ಅಳಬ್ಯಾಡವ್ವ. ಅವತ್ತು ನಿನಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.”