ತೆರೆದಿದ್ದ ಮೂರನೆಯ ಗೇಟು

ಬಹಳ ಕಾಲದ ಹಿಂದೆ, ಪಡುವಣ ಕಡಲಿನ ಆಚೆ, ಹಸುರು ದಿಬ್ಬಗಳ ಒಂದು ರಾಜ್ಯವಿತ್ತು. ಅಲ್ಲಿ ಹೊಲಕ್ಕೊಂದು ಬೇಲಿ, ಬೇಲಿಗೊಂದು ಗೇಟು, ಗೇಟಿನ ಬುಡದಲ್ಲಿ ಒಂದು ಕಲ್ಲು. ಕಲ್ಲಿನ ಮೇಲೆ ಹಿಂದಿನ ರಾಜನೊಬ್ಬ ಎರಡು ಸಾಲು ಕೆತ್ತಿಸಿದ್ದ. ಕಾಲ ಕಳೆದಂತೆ ಪಾಚಿ ಬೆಳೆದು ಕೆಳಗಿನ ಸಾಲು ಮುಚ್ಚಿಹೋಗಿತ್ತು. ಮೇಲಿನದು ಮಾತ್ರ ಕಣ್ಣಿಗೆ ಬೀಳುತ್ತಿತ್ತು: 'ಮುಚ್ಚಿದ ಗೇಟನ್ನು ಮುಚ್ಚಿ ಹೋಗಿ.'

ಆ ರಾಜ್ಯದ ಜನ ಬಹಳ ಸಭ್ಯರು. ಗೇಟು ಕಂಡರೆ ಸಾಕು, ದಾಟಿ, ತಿರುಗಿ, ಮುಚ್ಚಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಅಲುಗಾಡಿಸಿ ನೋಡಿಯೇ ಮುಂದೆ ಹೋಗುತ್ತಿದ್ದರು. ಮುಚ್ಚದೆ ಹೋದವರ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ.

ಬೇಸಗೆಯ ಮೊದಲ ಶನಿವಾರ ಅಲ್ಲಿ ವಿಹಾರದ ದಿನ. ಅಂದು ಪ್ರಭುಗಳು ತಮ್ಮ ತೋಟಗಳನ್ನೂ ಹಳೆಯ ಕೋಟೆಗಳನ್ನೂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಲ್ಲರಿಗೂ ತೆರೆದಿಡುತ್ತಿದ್ದರು. ಜನ ಟೋಪಿ ಧರಿಸಿ, ಬುತ್ತಿಯ ಬುಟ್ಟಿ ಹೊತ್ತು, ಕುದುರೆ ಬಂಡಿಗಳಲ್ಲಿ ನೋಡಲು ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಸರಾದದ್ದು ಲಾರ್ಕ್‌ಮಿಯರ್ ತೋಟ. ಅಲ್ಲಿ ಆಳೆತ್ತರದ ಹಸುರು ಬೇಲಿಗಳನ್ನೇ ಬೆಳೆಸಿ ಒಂದು ಚಕ್ರವ್ಯೂಹ ಮಾಡಿದ್ದರು. ದಾರಿ ತಪ್ಪಿ, ನಕ್ಕು, ಮತ್ತೆ ದಾರಿ ಹುಡುಕುವುದೇ ಅಲ್ಲಿನ ಆಟ.

ಒಂದು ವರ್ಷ ಆ ತೋಟ ಥಾರ್ನಿಕ್ ಎಂಬ ಮಾಂತ್ರಿಕನ ಕೈಗೆ ಸಿಕ್ಕಿತು. ವಿಹಾರದ ದಿನ ಚಕ್ರವ್ಯೂಹದ ಒಳಗೆ ಹೋದ ಮೂವತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಮರುದಿನ ರಾಜನ ಸೈನಿಕರು ಹೋದರು. ತೋಟದ ಗೋಡೆಗೆ ತಾಗಿದ ಕೊಡಲಿಗಳೆಲ್ಲ ಬಾಯಿ ಮುರಿದುಕೊಂಡವು. ಆ ಒಂದು ದಿನ ಬಿಟ್ಟರೆ ವರ್ಷವಿಡೀ ತೋಟ ಯಾರಿಗೂ ತೆರೆಯುತ್ತಿರಲಿಲ್ಲ.

ಒಳಗೆ ಉಳಿದವರಲ್ಲಿ ಪಿಪ್‌ವೆಲ್ ಊರಿನ ಬಂಡಿ ಹೊಡೆಯುವ ಟೋಬಿಯಸ್ ಒಬ್ಬ. ಅವನ ಒಬ್ಬಳೇ ಮಗಳು ಹೆಸ್ಟರ್. ಇಪ್ಪತ್ತರ ಹುಡುಗಿ, ನೆಟ್ಟಗಿನ ಬೆನ್ನು, ಒಗೆದು ಇಸ್ತ್ರಿ ಮಾಡಿದ ಕಾಲರು. ವರ್ಷವೆಲ್ಲ ಅವಳು ಅಪ್ಪನ ಬಂಡಿಯನ್ನು ತಾನೇ ಹೊಡೆದಳು, ದಿನಗಳನ್ನು ಎಣಿಸಿದಳು. ವಿಹಾರದ ದಿನ ಬಂದಾಗ ಟೋಪಿ ಧರಿಸಿ ಅಜ್ಜಿಯ ಮುಂದೆ ನಿಂತಳು.

"ಅಪ್ಪನನ್ನು ಕರೆತರುತ್ತೇನೆ ಅಜ್ಜಿ."

ಅಜ್ಜಿ ಅಗಾಥಾ ಅಳುವವರ ಪೈಕಿಯಲ್ಲ. ಮೊಮ್ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಕರವಸ್ತ್ರ?"

"ಇದೆ ಅಜ್ಜಿ."

"ಬುತ್ತಿ ಕಟ್ಟಿದ ಕಾಗದ?"

"ಮಡಿಸಿ ವಾಪಸ್ಸು ತರುತ್ತೇನೆ."

"ನಮ್ಮ ಗೇಟಿನ ಕಲ್ಲಿನ ಮೇಲೆ ಎಷ್ಟು ಸಾಲು?"

"ಎರಡು ಅಜ್ಜಿ." ಆ ಕಲ್ಲನ್ನು ಅಜ್ಜಿ ಪ್ರತಿ ಶನಿವಾರ ಬ್ರಷ್ಷು ಹಿಡಿದು ಉಜ್ಜುತ್ತಿದ್ದಳು. ಊರಿನಲ್ಲಿ ಪಾಚಿಯಿಲ್ಲದ ಕಲ್ಲು ಅದೊಂದೇ.

"ನಿನ್ನ ಅಪ್ಪ ಚಿಕ್ಕವನಿದ್ದಾಗ ಮೊದಲ ಸಾಲು ಕೇಳುತ್ತಲೇ ಆಡಲು ಓಡುತ್ತಿದ್ದ. ಒಂದನ್ನು ಅರ್ಧ ಕಲಿಯುವುದಕ್ಕಿಂತ ಕಲಿಯದೇ ಇರುವುದು ವಾಸಿ. ಹೋಗಿ ಬಾ. ಬೆನ್ನು ನೆಟ್ಟಗಿರಲಿ."

ಹೆಸ್ಟರ್ ಬಂಡಿ ಹೊಡೆದುಕೊಂಡು ಲಾರ್ಕ್‌ಮಿಯರಿಗೆ ಬಂದಳು. ಇತರ ವರ್ಷ ನೂರು ಬಂಡಿ ನಿಲ್ಲುವ ಮೈದಾನದಲ್ಲಿ ಅಂದು ಮೂರೇ ಕುದುರೆಗಳು ಹುಲ್ಲು ಮೇಯುತ್ತಿದ್ದವು. ರಾಜನ ಮೂವರು ಸರದಾರರು ಹತ್ತು ಗಂಟೆಗೇ ಒಳಗೆ ಹೋಗಿದ್ದರು. ಹೋದವರು ಬಂದಿರಲಿಲ್ಲ.

ಮೊದಲನೆಯ ಗೇಟು ಮುಚ್ಚಿತ್ತು. ಆಚೆ ಕುರಿಗಳ ಹುಲ್ಲುಗಾವಲು. ಹೆಸ್ಟರ್ ಚಿಲಕ ತೆಗೆದು ತನ್ನ ಮೈ ಹಿಡಿಯುವಷ್ಟೇ ತೆರೆದು ಒಳಗೆ ಕಾಲಿಟ್ಟಳು. ಇಟ್ಟಳೋ ಇಲ್ಲವೋ, ಹಿತ್ತಾಳೆಯ ಕೊಂಬಿನ ಟಗರೊಂದು ದಿಬ್ಬದ ಮೇಲಿನಿಂದ ಗುಡುಗಿನಂತೆ ಇಳಿದು ಬಂತು. ನೆಲ ನಡುಗಿತು. ಹೆಸ್ಟರಿಗೆ ಗೇಟು ಬಿಟ್ಟು ಓಡಬೇಕೆನಿಸಿತು. ಆದರೂ ತಿರುಗಿದಳು, ಮುಚ್ಚಿದಳು, ಚಿಲಕ ಹಾಕಿದಳು, ಒಮ್ಮೆ ಅಲುಗಾಡಿಸಿ ನೋಡಿದಳು. ಟಗರು ಅವಳ ಮೂಗಿನಿಂದ ಗೇಣು ದೂರದಲ್ಲಿ ನಿಂತಿತು.

"ಹೆದರಲಿಲ್ಲವೇನೇ ನೀನು?" ಎಂದು ಟಗರು ಕೇಳಿತು.

"ಹೆದರಿದೆ. ಆದರೆ ನಿಮ್ಮ ಮರಿಗಳು ರಸ್ತೆಗೆ ಹೋಗಬಾರದಲ್ಲ."

ಟಗರು ಉಸಿರು ಬಿಟ್ಟಿತು. "ಬೆಳಿಗ್ಗೆ ಬಂದ ಮೂವರೂ ನಿನ್ನಂತೆಯೇ ಮುಚ್ಚಿದರು. ಸಭ್ಯರು, ಪಾಪ. ಕೇಳು. ಒಳಗಿರುವವರೆಲ್ಲ ಗಿಡಗಳಾಗಿದ್ದಾರೆ. ಹೋದ ವರ್ಷದವರಿಗೆ ಇವತ್ತು ಸಂಜೆ ಐದರ ಗಂಟೆ ಬಾರಿಸುತ್ತಲೇ ಬೇರು ಪೂರ್ತಿ ಇಳಿಯುತ್ತದೆ. ಆಮೇಲೆ ಅವರು ಯಾರ ಅಪ್ಪನೂ ಅಲ್ಲ, ಯಾರ ತಾಯಿಯೂ ಅಲ್ಲ. ಬರಿಯ ಗಿಡ."

ಹೆಸ್ಟರ್ ಬೇಗ ಬೇಗ ನಡೆದಳು.

ಎರಡನೆಯ ಗೇಟೂ ಮುಚ್ಚಿತ್ತು. ಅದಕ್ಕೆ ಚಿಲಕವಿಲ್ಲ, ಹಗ್ಗದ ಗಂಟು. ಆಚೆ ಕೊಳ, ಕೊಳದ ದಂಡೆಯಲ್ಲಿ ಏಳು ಬಿಳಿಯ ಬಾತುಗಳು. ಹೆಸ್ಟರ್ ಗಂಟು ಬಿಚ್ಚಿ ಒಳಗೆ ಬಂದು ಮತ್ತೆ ಕಟ್ಟಿದಳು. ಬಾತುಗಳು ಕತ್ತು ಚಾಚಿಕೊಂಡು ಬಂದವು. ಅವುಗಳ ಕೊಕ್ಕು ಉಕ್ಕಿನದು.

"ಇದೇನು ಗಂಟೋ, ಹುರಿಹಿಟ್ಟಿನ ಉಂಡೆಯೋ?" ಎಂದಿತು ಮೊದಲನೆಯದು.

"ಮೊದಲು ಎಡಕ್ಕಿತ್ತು ಅಕ್ಕಾ, ಈಗ ಬಲಕ್ಕೆ ಹಾಕಿದ್ದಾಳೆ," ಎಂದಿತು ಎರಡನೆಯದು.

"ಕಾಲರಿಗೆ ಮಾತ್ರ ಏನು ಇಸ್ತ್ರಿ!" ಎಂದಿತು ಮೂರನೆಯದು. ಏಳೂ ನಕ್ಕವು.

ಹೆಸ್ಟರಿಗೆ ಮುಖ ಕೆಂಪಾಯಿತು. ಆದರೆ ಬಾತು ಹೇಳಿದ್ದು ನಿಜ. ಕೈಗವಸು ತೆಗೆದಳು, ಗಂಟು ಬಿಚ್ಚಿದಳು, ಹಗ್ಗವನ್ನು ಎಡದಿಂದ ತಂದು ಮೊದಲಿದ್ದಂತೆಯೇ ಕಟ್ಟಿದಳು. "ತಪ್ಪು ನನ್ನದು. ತಿದ್ದಿದ್ದಕ್ಕೆ ಉಪಕಾರವಾಯಿತು," ಎಂದಳು.

ಬಾತುಗಳು ಒಂದರ ಮುಖ ಒಂದು ನೋಡಿಕೊಂಡವು. ಹಿರಿಯ ಬಾತು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿತು: "ಇದ್ದಂತೆಯೇ ಇಟ್ಟೆಯಲ್ಲ, ಅದಕ್ಕೆ ಒಂದು ಮಾತು ಹೇಳುತ್ತೇನೆ. ಥಾರ್ನಿಕ್‌ನ ಮಂತ್ರ ಹತ್ತಬೇಕಾದರೆ ಬಂದ ಅತಿಥಿ ತನ್ನ ಕೈಯಿಂದಲೇ ಚಕ್ರವ್ಯೂಹದ ಗೇಟು ಮುಚ್ಚಿಕೊಳ್ಳಬೇಕು. ಒಬ್ಬ ಅತಿಥಿಯಾದರೂ ಐದರ ಗಂಟೆಯವರೆಗೆ ಮುಚ್ಚದೆ ಒಳಗೆ ನಿಂತರೆ ಹಳಬರ ಬೇರೂ ಇಳಿಯುವುದಿಲ್ಲ. ಮನೆಯ ಒಡೆಯ ಅತಿಥಿಯ ಮೇಲೆ ಬಾಗಿಲು ಹಾಕುವಂತಿಲ್ಲ."

"ಹಾಕಿದರೆ?"

"ಯಾರಿಗೆ ಗೊತ್ತು? ಅಷ್ಟು ಕೆಟ್ಟ ನಡತೆಯ ಒಡೆಯ ಈ ರಾಜ್ಯದಲ್ಲಿ ಇನ್ನೂ ಹುಟ್ಟಿಲ್ಲ."

ಮೂರನೆಯ ಗೇಟು ಚಕ್ರವ್ಯೂಹದ ಬಾಯಿಯಲ್ಲಿತ್ತು. ಅದು ಹಾರು ಹೊಡೆದಂತೆ ತೆರೆದಿತ್ತು. ಹೋದ ವರ್ಷವೂ ಅದು ಹೀಗೆಯೇ ಇತ್ತು. ಯಾರೋ ಅಜಾಗರೂಕರು ತೆರೆದಿಟ್ಟು ಹೋಗಿದ್ದಾರೆ ಎಂದುಕೊಂಡು ಒಬ್ಬೊಬ್ಬರೂ ಒಳಗೆ ಬಂದು, ತಿರುಗಿ, ಮುಚ್ಚಿದ್ದರು. ಮುಚ್ಚಿದವರು ಗಿಡವಾದ ಮೇಲೆ ಗೇಟು ಸದ್ದಿಲ್ಲದೆ ತೆರೆದುಕೊಂಡು ಮುಂದಿನವರಿಗಾಗಿ ಕಾಯುತ್ತಿತ್ತು.

ಹೆಸ್ಟರ್ ಒಳಗೆ ಬಂದಳು. ಅವಳ ಕೈ ತಾನಾಗಿಯೇ ಗೇಟಿನ ಕಡೆಗೆ ಹೋಯಿತು. ಅಷ್ಟರಲ್ಲಿ ಬುಡದ ಕಲ್ಲು ಕಣ್ಣಿಗೆ ಬಿತ್ತು. ಅದರ ತುಂಬ ಪಾಚಿ. ಮೊಣಕಾಲೂರಿ, ಕರವಸ್ತ್ರದಿಂದ ಉಜ್ಜಿದಳು. ಮನೆಯ ಕಲ್ಲಿನ ಮೇಲೆ ದಿನವೂ ನೋಡಿದ ಎರಡನೆಯ ಸಾಲು ಅಲ್ಲಿಯೂ ಇತ್ತು: 'ತೆರೆದ ಗೇಟನ್ನು ತೆರೆದೇ ಬಿಡಿ.'

ಹೆಸ್ಟರ್ ಎದ್ದಳು. ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡಳು. ಗೇಟನ್ನು ಮುಟ್ಟಲಿಲ್ಲ.

ಒಳಗೆ ನಲವತ್ತೆರಡು ಗಿಡಗಳು ನಿಂತಿದ್ದವು. ಕತ್ತರಿ ಆಡಿಸಿ ಒಂದೊಂದಕ್ಕೂ ಒಂದೊಂದು ರೂಪ ಕೊಡಲಾಗಿತ್ತು. ನವಿಲು, ಕರಡಿ, ಟೀ ಕುದಿಸುವ ಪಾತ್ರೆ. ಸರದಾರರು ಮೂವರೂ ಕುದುರೆ ಏರಿದ ಗಿಡಗಳು. ಒಂದು ಹುಂಜದ ಎದೆಯ ಎಲೆಗಳ ನಡುವೆ ಬೆಳ್ಳಿಯ ಗಡಿಯಾರ ತೂಗುತ್ತಿತ್ತು. ಅದು ಅಪ್ಪನದು. ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ನಾಲ್ಕೂಕಾಲು.

"ಅಪ್ಪಾ," ಎಂದಳು ಹೆಸ್ಟರ್. ಎಲೆಗಳು ನಡುಗಿದವು.

"ಓಹೋ, ಅತಿಥಿ!" ಥಾರ್ನಿಕ್ ಬಂದ. ಎತ್ತರದ ಮನುಷ್ಯ, ತೋಳಿನುದ್ದದ ಕತ್ತರಿ, ಬೆರಳುಗಳಲ್ಲಿ ಉಗುರಿನ ಬದಲು ಮುಳ್ಳು. ತೆರೆದ ಗೇಟನ್ನು ನೋಡಿ ಹುಬ್ಬೇರಿಸಿದ. "ಗೇಟು ಹಾಗೆಯೇ ಬಿಟ್ಟು ಬಂದೆಯಾ ತಾಯಿ? ಅಯ್ಯೋ, ಎಂಥ ಮನೆಯ ಹುಡುಗಿ! ಕಾಲರು ನೋಡಿ ಒಳ್ಳೆಯ ಮನೆತನ ಎಂದುಕೊಂಡೆ. ನಿನ್ನ ಹಿರಿಯರು ಏನೂ ಕಲಿಸಲಿಲ್ಲವೇ?"

ಹೆಸ್ಟರಿಗೆ ಕೆನ್ನೆಗೆ ಹೊಡೆದಂತಾಯಿತು. ಹುಟ್ಟಿದಂದಿನಿಂದ ಅವಳನ್ನು ಯಾರೂ ಹಾಗೆ ಅಂದಿರಲಿಲ್ಲ. ಹೆಜ್ಜೆ ಗೇಟಿನ ಕಡೆ ತಿರುಗಿತು. ಮತ್ತೆ ನಿಂತಿತು.

"ಕಲಿಸಿದ್ದಾರೆ. ಪೂರ್ತಿ ಕಲಿಸಿದ್ದಾರೆ," ಎಂದಳು.

ಗಡಿಯಾರ ನಾಲ್ಕೂವರೆ ತೋರಿಸಿತು. ಥಾರ್ನಿಕ್ ಕತ್ತರಿ ಆಡಿಸಿದ. ಗೇಟಿನ ಆಚೆ ಕುರಿಗಳ ಹಿಂಡೊಂದು ಕಾಣಿಸಿತು. ಹೂವಿನ ಪಾತಿಗಳನ್ನು ತುಳಿಯುತ್ತ, ಗುಲಾಬಿಗಳನ್ನು ತಿನ್ನುತ್ತ ಗೇಟಿನ ಹತ್ತಿರಕ್ಕೇ ಬಂದವು. "ನೋಡು, ನೋಡು, ನೂರು ವರ್ಷದ ತೋಟ ಹಾಳಾಯಿತು! ಮುಚ್ಚೇ ಬೇಗ!"

ಹೆಸ್ಟರ್ ಕುರಿಗಳ ಕಾಲಿನ ಕಡೆ ನೋಡಿದಳು. ಅವು ತುಳಿದ ಹುಲ್ಲು ಬಾಗಲಿಲ್ಲ. ಅಲ್ಲದೆ ಹಿಂದಿನ ಎರಡು ಗೇಟುಗಳನ್ನು ತಾನೇ ಮುಚ್ಚಿ ಬಂದಿದ್ದಳು. ಒಂದನ್ನು ಅಲುಗಾಡಿಸಿ, ಇನ್ನೊಂದನ್ನು ಎರಡು ಸಲ ಕಟ್ಟಿ. "ನನ್ನ ಹಿಂದೆ ಕುರಿ ಬರಲು ಸಾಧ್ಯವೇ ಇಲ್ಲ," ಎಂದಳು. ಕುರಿಗಳು ಹೊಗೆಯಾಗಿ ಕರಗಿದವು.

ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸಿತು. ಆಗ ಥಾರ್ನಿಕ್ ಹುಂಜದ ಗಿಡದ ಕೊಕ್ಕನ್ನು ಮುಳ್ಳಿನ ಬೆರಳಿನಿಂದ ಮುಟ್ಟಿದ.

"ಹೆಸ್ಟರ್! ಗೇಟು!"

ಅದು ಅಪ್ಪನ ದನಿ, ನಿಜವಾದ ದನಿ. ಅವಳು ಮೂರು ವರ್ಷದ ಮಗುವಾಗಿದ್ದಂದಿನಿಂದ ಅವನು ಬಂಡಿಯ ಮೇಲೆ ಕೂತು ಕೂಗುತ್ತಿದ್ದ ಎರಡು ಮಾತು.

"ಹೆಸ್ಟರ್! ಗೇಟು ತೆರೆದಿದೆಯಲ್ಲ ಮಗಳೇ! ಊರಿನವರು ಏನಂದಾರು?"

ಹೆಸ್ಟರಿನ ಕಣ್ಣು ತುಂಬಿತು. ಅಪ್ಪನ ಮಾತನ್ನು ಅವಳು ಒಮ್ಮೆಯೂ ಮೀರಿದವಳಲ್ಲ. ಹುಂಜದ ಎಲೆಯ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲ ಅಪ್ಪಾ. ಮುಚ್ಚುವುದಿಲ್ಲ. ಕಲ್ಲಿನ ಮೇಲೆ ಎರಡು ಸಾಲು ಇದೆ. ನೀವು ಒಂದೇ ಸಾಲು ಕೇಳಿ ಆಡಲು ಓಡಿದಿರಿ."

ಗಿಡ ತನ್ನ ಎಲೆಯ ಜುಟ್ಟನ್ನು ಅವಳ ಕಡೆ ಬಾಗಿಸಿತು. ಆಮೇಲೆ ಮೆಲ್ಲಗೆ ಕೇಳಿತು: "ಹಾಗಂತ ಅಮ್ಮ ಹೇಳಿದಳೇ?"

"ಅಜ್ಜಿಯೇ ಹೇಳಿದಳು."

"ಅಮ್ಮ ಹೇಳಿದ ಮೇಲೆ ಮುಗಿಯಿತು," ಎಂದಿತು ಗಿಡ. "ಇರಲಿ ಬಿಡು. ತೆರೆದೇ ಇರಲಿ."

ತೋಟದ ಗೋಪುರದಲ್ಲಿ ಐದರ ಗಂಟೆಯ ಹಗ್ಗ ಜಗ್ಗುವ ಸದ್ದು ಕೇಳಿತು. ಥಾರ್ನಿಕ್ ಗೋಪುರದ ಕಡೆ ನೋಡಿದ. ಮೂವತ್ತೊಂಬತ್ತು ಮಂದಿ ಕೈತಪ್ಪಿ ಹೋಗುತ್ತಾರೆ, ಒಬ್ಬ ಬಂಡಿಯವನ ಮಗಳಿಂದ! ಅವನಿಗೆ ಸಹನೆ ಕೆಟ್ಟಿತು. "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹಟವೇ? ಮುಚ್ಚು ಅಂದರೆ ಮುಚ್ಚಬೇಕು!" ಎಂದು ಕೂಗುತ್ತ ತಾನೇ ಓಡಿದ, ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಧಡಾರನೆ ಹಾಕಿದ.

ಹಾಕಿದ ಕೈ ಗೇಟಿನಿಂದ ಬರಲಿಲ್ಲ. ಮುಳ್ಳಿನ ಬೆರಳುಗಳಲ್ಲಿ ಎಲೆ ಮೂಡಿತು. ತೋಳು ಕೊಂಬೆಯಾಯಿತು, ಕಾಲು ಬೇರಾಯಿತು. ಕತ್ತರಿ ಕೆಳಗೆ ಬಿತ್ತು. ಐದರ ಗಂಟೆ ಬಾರಿಸಿದಾಗ ಗೇಟಿನ ಪಕ್ಕದಲ್ಲಿ ಒಂದು ಡೊಂಕು ಮುಳ್ಳಿನ ಗಿಡ ನಿಂತಿತ್ತು.

ಅದೇ ಕ್ಷಣ ಚಕ್ರವ್ಯೂಹದ ತುಂಬ ಎಲೆ ಉದುರಿತು. ನವಿಲು ಎಲೆ ಕೊಡವಿಕೊಂಡು ಅಂಚೆಯವಳಾಯಿತು. ಟೀ ಪಾತ್ರೆ ಕೆಮ್ಮಿ ಪಾದ್ರಿಯಾಯಿತು. ಸರದಾರರು ಮೂವರೂ ಇಲ್ಲದ ಕುದುರೆಗಳ ಮೇಲಿನಿಂದ ದೊಪ್ಪನೆ ಬಿದ್ದರು. ಹುಂಜದ ಜಾಗದಲ್ಲಿ ಟೋಬಿಯಸ್ ನಿಂತು ಮೀಸೆಯಿಂದ ಕಡ್ಡಿ ತೆಗೆಯುತ್ತಿದ್ದ.

ಹೆಸ್ಟರ್ ಅಪ್ಪನನ್ನು ತಬ್ಬಿಕೊಂಡಳು. ಆಮೇಲೆ ಗೇಟಿನ ಬಳಿಗೆ ಹೋಗಿ ಅದನ್ನು ಹಾರು ಹೊಡೆದಂತೆ ತೆರೆದಿಟ್ಟಳು.

"ಈಗಲೂ ಏಕೆ?" ಎಂದ ಟೋಬಿಯಸ್.

"ನಾನು ಬಂದಾಗ ತೆರೆದಿತ್ತು ಅಪ್ಪಾ."

ನಲವತ್ತಮೂರು ಮಂದಿ ಸಾಲಾಗಿ ಹೊರಗೆ ಬಂದರು. ಬಾತುಗಳ ಗೇಟಿನಲ್ಲಿ ಹಗ್ಗವನ್ನು ಎಡದಿಂದ ಕಟ್ಟಿದರು. ಟಗರಿನ ಗೇಟಿನಲ್ಲಿ ಚಿಲಕ ಹಾಕಿ ಅಲುಗಾಡಿಸಿದರು. ಬಾತುಗಳ ಕೊಕ್ಕು ಹಳದಿಯಾಗಿತ್ತು, ಟಗರಿನ ಕೊಂಬು ಬರಿಯ ಕೊಂಬಾಗಿತ್ತು. ಆದರೂ ಬಾತುಗಳು ಗಂಟನ್ನು ಒಮ್ಮೆ ನೋಡಿಯೇ ಕೊಳಕ್ಕೆ ಇಳಿದವು.

ಪಿಪ್‌ವೆಲ್‌ನಲ್ಲಿ ಅಜ್ಜಿ ಅಗಾಥಾ ಬಾಗಿಲಲ್ಲಿ ನಿಂತಿದ್ದಳು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ತಡವಾಯಿತು," ಎಂದಳು. "ಕಾಲು ಒರೆಸಿಕೊಂಡು ಒಳಗೆ ಬಾ."

ರಾಜ ಹೆಸ್ಟರನ್ನು ಅರಮನೆಗೆ ಕರೆಸಿ, ಏನು ಬೇಕಾದರೂ ಕೇಳು ಎಂದ. ಹೆಸ್ಟರ್ ಊರಿಗೊಂದು ಗಟ್ಟಿ ಬ್ರಷ್ಷು ಕೇಳಿದಳು. ಮಳೆಗಾಲಕ್ಕೆ ಮುಂಚೆ ರಾಜ್ಯದ ಎಲ್ಲ ಕಲ್ಲುಗಳೂ ಉಜ್ಜಿ ಬೆಳ್ಳಗಾದವು. ಟೋಬಿಯಸ್ ಒಬ್ಬನೇ ಇನ್ನೂರು ಕಲ್ಲು ಉಜ್ಜಿದ. ಉಜ್ಜುವಾಗಲೆಲ್ಲ ಎರಡನೆಯ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದ.

ಮರುವರ್ಷ ವಿಹಾರದ ದಿನ ಲಾರ್ಕ್‌ಮಿಯರ್ ಮೈದಾನದಲ್ಲಿ ಇನ್ನೂರು ಬಂಡಿ ನಿಂತವು. ಮಕ್ಕಳು ಚಕ್ರವ್ಯೂಹದಲ್ಲಿ ದಾರಿ ತಪ್ಪಿ, ನಕ್ಕು, ಐದಕ್ಕೆ ಮುಂಚೆ ಹೊರಗೆ ಬಂದರು. ಗೇಟಿನ ಪಕ್ಕದಲ್ಲಿದ್ದ ಮುಳ್ಳಿನ ಗಿಡಕ್ಕೆ ತಿಂಗಳಿಗೊಮ್ಮೆ ಮಾಲಿ ಕತ್ತರಿ ಹಾಕುತ್ತಿದ್ದ. ಆ ರಾಜ್ಯದ ಜನ ಅಂದಿನಿಂದ ಸುಖವಾಗಿದ್ದಾರೆ. ನೀವು ಆ ಕಡೆ ಹೋದರೆ ನೋಡಿ ಬನ್ನಿ. ಬರುವಾಗ ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ಬನ್ನಿ.